ಸ್ವರ್ಗದ ತೋಡಿಗೆ ಅಡ್ಡ ಒಂದು ಕಟ್ಟ

ಪೆರ್ಲದಲ್ಲಿ ಬಸ್ಸು ಹತ್ತಿ ‘ಒಂದು ಸ್ವರ್ಗ’ ಎಂದರೆ ಕಂಡಕ್ಟರ್ ತಲೆಯೆತ್ತದೆ ಟಿಕೆಟ್ ಕೊಡುತ್ತಾನೆ. ನಗು ಬರುವುದು ನಮ್ಮಂಥ ಹೊರಗಿನವರಿಗೆ ಮಾತ್ರ. ಡಿಸೆಂಬರಿನ ಆ ಬೆಳಗ್ಗೆ ಬಸ್ಸಿಳಿದು ತೋಟದೊಳಗೆ ನಡೆದರೆ ತೋಡಿನಲ್ಲಿ ಹತ್ತು ಹನ್ನೆರಡು ಜನ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಕೂಲಿಯವರು ಒಂದಿಬ್ಬರು, ಉಳಿದವರೆಲ್ಲ ಆಚೀಚೆ ತೋಟದವರು. ಕಟ್ಟ, ಎಂದರೆ ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು, ಕಟ್ಟುವ ದಿನ ಅದು.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಊರು ಈ ಸ್ವರ್ಗ. 1956ರಲ್ಲಿ ಕೇರಳಕ್ಕೆ ಸೇರಿತಾದರೂ ಜಗಲಿಯ ಮಾತು ಈಗಲೂ ತುಳು, ಕನ್ನಡವೇ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ 2000ದವರೆಗೂ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಪತ್ರಿಕೆಗಳಲ್ಲಿ ಈ ಹೆಸರು ಬಂದದ್ದೇ ಬಂದದ್ದು. ಆ ಕೀಟನಾಶಕವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ಕಥೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೋದದ್ದು ನೀರಿಗಾಗಿ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ. ಕೇರಳದ 44 ನದಿಗಳಲ್ಲಿ 12 ಇಲ್ಲಿಯವು. ಆದರೂ ಬೇಸಗೆಯಲ್ಲಿ ತೋಡು ಒಣಗುತ್ತದೆ, ಬೋರ್‌ವೆಲ್ ಗಾಳಿ ಕಾರುತ್ತದೆ. ಇಳಿಜಾರಿನ ನೆಲ, ಸುರಿದದ್ದು ಸಮುದ್ರ ಸೇರಲು ಹೊತ್ತು ಬೇಡ. ಅದನ್ನು ತಡೆಯುವ ಹಳೆಯ ಉಪಾಯವೇ ಕಟ್ಟ. ಹತ್ತಿರದ ಏತಡ್ಕದಲ್ಲಿ ಅದು ಬದುಕಿ ಉಳಿದಿತ್ತು. ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯ ಪತ್ರಕರ್ತ ಶ್ರೀ ಪಡ್ರೆ ಈ ಸೀಮೆಯವರೇ; ಅವರೂ ಊರವರೂ ಸೇರಿ ಏತಡ್ಕ ನೋಡಿ ಬಂದ ಮೇಲೆ ಸ್ವರ್ಗದ ತೋಡಿಗೂ ಸಾಲು ಕಟ್ಟಗಳು ಬಂದವು.

ತಲೆಗೆ ಹಾಳೆಯ ಮುಟ್ಟಾಳೆ ಇಟ್ಟ ಅಜ್ಜನೊಬ್ಬರು ನನ್ನ ಪೆನ್ನು ಕಂಡದ್ದೇ ಸುರುಮಾಡಿದರು. “ಈಗಿನದ್ದು ಎಂತ ಕಟ್ಟ ಮಾರಾಯ್ರೆ! ಪ್ಲಾಸ್ಟಿಕ್ ಹಾಸಿದರೆ ಆಯ್ತು. ಮೊದಲು ಎರಡು ಸಾಲು ಕಲ್ಲು ಇಟ್ಟು ನಡುವಿಗೆ ಮಣ್ಣು ಹಾಕಿ ತುಳಿಯುವುದು. ಎಲ್ಲ ಮಣ್ಣೂ ಆಗುವುದಿಲ್ಲ. ಒಂದು ಬೇರು ಇದ್ದರೂ ಸಾಕು, ಏಡಿ ಅಲ್ಲಿಂದಲೇ ದಾರಿ ಮಾಡ್ತದೆ.” ಮಣ್ಣಿನ ಉಂಡೆಯೊಂದನ್ನು ಅಂಗೈಯಲ್ಲಿ ಹಿಚುಕಿ ನನ್ನ ಮೂಗಿನ ಹತ್ತಿರ ಹಿಡಿದರು. ಬೆರಳಿನ ಗೆರೆಗಳೆಲ್ಲ ಅದರಲ್ಲಿ ಅಚ್ಚೊತ್ತಿದ್ದವು. “ಇದು ಆದೀತು. ಹೀಗೆ ಅಂಟಬೇಕು.” ಆಮೇಲೆ ಕಟ್ಟದ ಕೆಳಬದಿಗೆ ಇಳಿದು, ಕಣ್ಣು ಮುಚ್ಚಿ, ಪಾದದಿಂದ ಬುಡ ತಡವುತ್ತ ಹೋದರು. ಒಂದು ಕಡೆ ನಿಂತರು. “ಇಲ್ಲಿ ತಣ್ಣಗೆ ಸೆಳೀತಾ ಉಂಟು. ಮಣ್ಣು ಕೊಡಿ.” ಪ್ಲಾಸ್ಟಿಕ್ಕಿಗೆ ಗೊತ್ತಾಗದ ಸೋರಿಕೆ ಅವರ ಪಾದಕ್ಕೆ ಗೊತ್ತಾಗಿತ್ತು. ಆ ಪಾದದ ವಿದ್ಯೆ ಕಲಿತ ಹುಡುಗರು ಯಾರೂ ಇಲ್ಲವಂತೆ. ಇದನ್ನು ಅಜ್ಜ ಮೂರು ಸಲ ಹೇಳಿದರು, ನಾನು ಮೂರು ಸಲವೂ ಬರೆದುಕೊಂಡೆ.

ಬೇಗ ಕಟ್ಟಿದರೆ ಅಕಾಲದ ಮಳೆಗೆ ಕೊಚ್ಚಿಹೋಗುತ್ತದೆ, ತಡವಾದರೆ ತಡೆಯಲು ನೀರಿರುವುದಿಲ್ಲ. ಮೇಲಿನವರು ಕಟ್ಟಿದರೆ ಕೆಳಗಿನವರಿಗೆ ನೀರಿಲ್ಲ ಎಂಬ ಜಗಳ ಹಳೆಯದು. ಸಾಲಾಗಿ ಕಟ್ಟಿದಲ್ಲಿ ಆ ಜಗಳ ನಿಲ್ಲುತ್ತದೆ: ತುಂಬಿ ಹೊರಳಿದ್ದು ಕೆಳಗಿನ ಕಟ್ಟಕ್ಕೆ, ಇಂಗಿದ್ದು ದಂಡೆಯ ಬಾವಿಗೆ. ಖರ್ಚು ಮಾತ್ರ ವರ್ಷವೂ ಹುಟ್ಟಿಸಬೇಕು. ಕಾಂಕ್ರೀಟಿಗಾದರೆ ಉದ್ಘಾಟನೆ ಉಂಟು, ಕಲ್ಲು ಕೂರಿಸಬಹುದು. ಮಳೆಗಾಲಕ್ಕೆ ಬಿಚ್ಚುವ ಮಣ್ಣಿಗೆ ರಿಬ್ಬನ್ ಕತ್ತರಿಸಲು ಯಾರು ಬರುತ್ತಾರೆ?

ಹನ್ನೊಂದಕ್ಕೆ ಸಜ್ಜಿಗೆ ಬಜಿಲು ಬಂತು. ತಿಂದು ಏಳುವಷ್ಟರಲ್ಲಿ, ಬೆಳಗ್ಗೆ ನಾನು ಚಪ್ಪಲಿ ಬಿಟ್ಟಿದ್ದ ಕಲ್ಲು ಮುಳುಗಿತ್ತು. ಚಪ್ಪಲಿಯನ್ನು ಯಾರೋ ಪುಣ್ಯಾತ್ಮರು ದಂಡೆಗೆ ಎತ್ತಿಟ್ಟಿದ್ದರು.

ನೋಡುವ ಮನಸ್ಸಿದ್ದರೆ ಮೇ ತಿಂಗಳೊಳಗೆ ಹೋಗಿ. ಮಳೆ ಹಿಡಿದ ಮೇಲೆ ಕಟ್ಟ ಇರುವುದಿಲ್ಲ. ಡಿಸೆಂಬರಿನಲ್ಲೇ ಹೋಗುವುದಾದರೆ ಹಳೆಯ ಬಟ್ಟೆ ತೊಟ್ಟು ಹೋಗಿ, ಮಣ್ಣು ಹೊರಲು ಜನ ಸಾಲುತ್ತಿಲ್ಲ.