ಕಂಪ್ಯೂಟರ್ ಪರದೆ ಒರೆಸುವುದು ಹೇಗೆ?



ಸಿಂಧನೂರಿನಲ್ಲಿ ಭತ್ತದ ಸುಗ್ಗಿ ಬಂತೆಂದರೆ ಹೊಟ್ಟಿನ ಧೂಳು ಮನೆಯೊಳಗೂ ಬರುತ್ತದೆ. ಮಸ್ಕಿ, ಲಿಂಗಸುಗೂರು ಕಡೆ ತೊಗರಿ, ಜೋಳದ ರಾಶಿಯ ಧೂಳು. ಅದು ಕಂಪ್ಯೂಟರ್ ಪರದೆಯನ್ನೂ ಬಿಡುವುದಿಲ್ಲ. ಸಂಘದ ಲೆಕ್ಕ ಅದರಲ್ಲಿದ್ದರೆ ಇದು ಸಣ್ಣ ಮಾತಲ್ಲ. ಒಂದು ಕೊಳೆಯ ಚುಕ್ಕೆ ದಶಾಂಶ ಬಿಂದುವಿನ ಹಾಗೆ ಕಂಡರೂ ಸಾಲದ ಕಂತನ್ನು ತಪ್ಪಾಗಿ ಓದಿಬಿಡುತ್ತೇವೆ.

ಒರೆಸಿರಿ ಎಂದರೆ ಅನೇಕರು ಹಿಂದೆ ಸರಿಯುತ್ತಾರೆ. "ಸಿಸ್ಟರ್, ಒರಸಾಕ ಹೋಗಿ ಏನರ ಆದ್ರ ರೊಕ್ಕ ಯಾರ್ ಕೊಡ್ತಾರ್ರೀ?" ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಹಿಂದೊಮ್ಮೆ ನಾನೇ ಕಚೇರಿಯ ಪರದೆಗೆ ಕಿಟಕಿ ಗಾಜು ಒರೆಸುವ ದ್ರವ ಸಿಂಪಡಿಸಿದೆ. ಅದು ಇಳಿದು ಅಂಚಿನೊಳಗೆ ಸೇರಿತು, ಕಪ್ಪು ಗೆರೆ ಬಿತ್ತು. ಹೊಸದನ್ನೇ ಕೊಳ್ಳಬೇಕಾಯಿತು.

ಕಾರಣವೇನು? ಹಳೆಯ ಡಬ್ಬಿಯಂಥ ಮಾನಿಟರ್‌ನ ಮುಖ ದಪ್ಪ ಗಾಜು. ಈಗಿನ ಎಲ್‌ಸಿಡಿ ಪರದೆಗಳಲ್ಲಿ ಹೆಚ್ಚಿನವಕ್ಕೆ ಮೇಲಿರುವುದು ತೆಳುವಾದ ಪ್ಲಾಸ್ಟಿಕ್ ಪದರ, ಅದರ ಮೇಲೊಂದು ಲೇಪ. ಅಮೋನಿಯಾ ಇರುವ ದ್ರವ, ಸ್ಪಿರಿಟ್, ಸ್ಯಾನಿಟೈಸರ್, ಸೋಪಿನ ಪುಡಿ ಈ ಲೇಪವನ್ನು ಕೆಡಿಸಬಹುದು.

ಹೀಗೆ ಮಾಡಿರಿ:

1. ಕಂಪ್ಯೂಟರ್ ಬಂದ್ ಮಾಡಿ ಪ್ಲಗ್ ತೆಗೆಯಿರಿ. ಕಪ್ಪು ಪರದೆಯಲ್ಲಿ ಕೊಳೆ ಚೆನ್ನಾಗಿ ಕಾಣುತ್ತದೆ.

2. ಮೊದಲು ಒಣ ಅರಿವೆಯಿಂದ ಧೂಳು ತೆಗೆಯಿರಿ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ ಉತ್ತಮ. ಇಲ್ಲವಾದರೆ ಒಗೆದು ಒಣಗಿಸಿದ ಮೆತ್ತನೆಯ ಹಳೇ ಹತ್ತಿ ಅರಿವೆ ಸಾಕು. ಸೀರೆಯ ಸೆರಗು, ಟವೆಲ್, ಕಾಗದ ಬೇಡ, ಗೀರು ಬೀಳುತ್ತದೆ.

3. ಕಲೆ ಉಳಿದರೆ ಅರಿವೆಯನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿರಿ. ನೀರು ಅರಿವೆಗೆ, ಪರದೆಗಲ್ಲ. ಬೋರ್ ನೀರಿನ ಉಪ್ಪು ಬಿಳಿ ಕಲೆ ಬಿಡುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿರಿ.

4. ಹಗುರವಾಗಿ ಒರೆಸಿರಿ. ಕಲೆ ಹೋಗದಿದ್ದರೆ ಮತ್ತೊಮ್ಮೆ ಒರೆಸಿರಿ. ಒತ್ತಬೇಡಿ, ಉಗುರಿನಿಂದ ಕೆರೆಯಬೇಡಿ.

5. ಪೂರ್ತಿ ಒಣಗಿದ ಮೇಲೆಯೇ ಪ್ಲಗ್ ಹಾಕಿರಿ.

ಆಯುಧ ಪೂಜೆಯ ದಿನ ಪರದೆಗೇ ಕುಂಕುಮ, ವಿಭೂತಿ ಹಚ್ಚಿ ನೀರು ಚಿಮುಕಿಸುವುದುಂಟು. ಆ ಪುಡಿಯನ್ನು ತಿಕ್ಕಿದರೆ ಗೀರು ಬೀಳುತ್ತದೆ, ನೀರು ಒಳಗೆ ಇಳಿಯುತ್ತದೆ. ಕುಂಕುಮವನ್ನು ಮೇಜಿಗೆ ಹಚ್ಚಿರಿ, ಪೂಜೆಗೆ ಕೊರತೆಯೇನೂ ಆಗದು.

ಮುಂದಿನ ವಾರದ ಸಭೆಯಲ್ಲಿ ಒಬ್ಬರು ಮಾಡಿ ತೋರಿಸಲಿ, ಉಳಿದವರು ತಮ್ಮ ಕೈಯಾರೆ ಮಾಡಿ ಕಲಿಯಲಿ. ಲೆಕ್ಕ ಬರೆಯುವ ಅಕ್ಕನೊಬ್ಬಳಿಗೇ ಬಿಡಬೇಡಿ. ರೊಕ್ಕ ಎಲ್ಲರದು, ಲೆಕ್ಕವೂ ಎಲ್ಲರ ಕಣ್ಣಿಗೆ ಸ್ವಚ್ಛವಾಗಿ ಕಾಣಬೇಕು.