ಗಟ್ಟಿ ಸೇತುವೆಯೂ ಏಕೆ ಓಲಾಡಿತು?

2000ನೇ ಇಸವಿಯ ಜೂನ್ 10ರಂದು ಲಂಡನ್ನಿನ ಥೇಮ್ಸ್ ನದಿಯ ಮೇಲಿನ ಮಿಲೇನಿಯಂ ಪಾದಚಾರಿ ಸೇತುವೆ ಜನರಿಗೆ ತೆರೆದುಕೊಂಡಿತು. ಹೊಸ ಸೇತುವೆ ನೋಡಲು ಜನ ಸಾಗರವೇ ಹರಿದುಬಂತು. ನೋಡನೋಡುತ್ತಲೇ ಸೇತುವೆ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ನಡುಭಾಗದ ಓಲಾಟ 7 ಸೆಂ.ಮೀ.ವರೆಗೂ ಹೋಯಿತು. ಕೆಲವರು ಕಂಬಿ ಹಿಡಿದು ನಿಂತರು, ಉಳಿದವರು ಕಾಲು ಅಗಲಿಸಿ ಹೆಜ್ಜೆ ಹಾಕಿದರು. ಎರಡೇ ದಿನಕ್ಕೆ ಸೇತುವೆಯನ್ನು ಮುಚ್ಚಬೇಕಾಯಿತು.

ಸೇತುವೆಯ ಬಲಕ್ಕೇನೂ ಕೊರತೆ ಇರಲಿಲ್ಲ. ಅಷ್ಟು ಜನರ ಭಾರವನ್ನು ಅದು ನಿರಾಯಾಸವಾಗಿ ಹೊರುತ್ತಿತ್ತು. ಕೊರತೆ ಇದ್ದದ್ದು ಅವಮಂದನದಲ್ಲಿ, ಅಂದರೆ ಕಂಪನವನ್ನು ಅಡಗಿಸುವ ಗುಣದಲ್ಲಿ.

ಯಾವುದೇ ರಚನೆಯ ಕಂಪನವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ದ್ರವ್ಯರಾಶಿ, ಬಿಗಿತ ಮತ್ತು ಅವಮಂದನ. ಮೊದಲ ಎರಡು ಸೇರಿ ಅದರ ಸಹಜ ಆವರ್ತನೆಯನ್ನು, ಎಂದರೆ ಒಮ್ಮೆ ತಳ್ಳಿಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬುದನ್ನು, ತೀರ್ಮಾನಿಸುತ್ತವೆ. ಬಿಗಿತ ಹೆಚ್ಚಿದರೆ ಆವರ್ತನೆ ಏರುತ್ತದೆ, ದ್ರವ್ಯರಾಶಿ ಹೆಚ್ಚಿದರೆ ಇಳಿಯುತ್ತದೆ. ಆವರ್ತನೆಯನ್ನು ಎರಡು ಪಟ್ಟು ಮಾಡಬೇಕಾದರೆ ಬಿಗಿತವನ್ನು ನಾಲ್ಕು ಪಟ್ಟು ಮಾಡಬೇಕು.

ಹೊರಗಿನ ಬಲ ಇದೇ ಲಯದಲ್ಲಿ ಬಂದು ತಾಗಿದರೆ ಅನುರಣನ ಉಂಟಾಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ನೂಕುತ್ತಾ ಹೋದರೂ ಅದು ಎತ್ತರಕ್ಕೆ ಏರುವಂತೆ, ಸಣ್ಣ ಬಲಗಳೇ ಕೂಡಿಕೊಂಡು ದೊಡ್ಡ ಚಲನೆಯಾಗುತ್ತವೆ. ಇದಕ್ಕೆ ಕಡಿವಾಣ ಹಾಕುವುದು ಅವಮಂದನ ಮಾತ್ರ. ಅದು, ತಳ್ಳಿಬಿಟ್ಟ ರಚನೆ ಓಲಾಡದೆ ಸ್ವಸ್ಥಾನಕ್ಕೆ ಮರಳಲು ಬೇಕಾದ ಕನಿಷ್ಠ ಮಟ್ಟದ ಶೇ. 1ರಷ್ಟೇ ಇದ್ದರೆ, ಅದೇ ಬಲ ಸ್ಥಿರವಾಗಿ ನಿಂತಾಗ ಆಗುವ ಬಾಗುವಿಕೆಗಿಂತ ಅನುರಣನದಲ್ಲಿ ಸುಮಾರು 50 ಪಟ್ಟು ಹೆಚ್ಚಿನ ಕಂಪನವಾಗಬಲ್ಲದು. ಶೇ. 20ಕ್ಕೆ ಏರಿಸಿದರೆ ಅದು ಎರಡೂವರೆ ಪಟ್ಟಿಗೆ ಇಳಿಯುತ್ತದೆ.

ನಾವು ನಡೆಯುವಾಗ ಎಡಹೆಜ್ಜೆ ನೆಲವನ್ನು ಒಂದು ಪಕ್ಕಕ್ಕೆ, ಬಲಹೆಜ್ಜೆ ಇನ್ನೊಂದು ಪಕ್ಕಕ್ಕೆ ತುಸು ತಳ್ಳುತ್ತದೆ. ಈ ತಳ್ಳಾಟದ ಒಂದು ಸುತ್ತಿಗೆ ಸುಮಾರು ಒಂದು ಸೆಕೆಂಡು ಬೇಕು. ಸೇತುವೆಯ ಪಕ್ಕದ ಓಲಾಟದ ಸಹಜ ಆವರ್ತನೆಗಳೂ ಅರ್ಧದಿಂದ ಒಂದು ಹರ್ಟ್ಸ್ ಆಸುಪಾಸಿನಲ್ಲೇ ಇದ್ದವು. ನೆಲ ಅಲುಗಿದಾಗ ಜನ ಬೀಳದಂತೆ ಹೆಜ್ಜೆ ಹೊಂದಿಸಿಕೊಂಡರು. ಆ ಹೊಂದಾಣಿಕೆಯೇ ಓಲಾಟಕ್ಕೆ ಇನ್ನಷ್ಟು ಶಕ್ತಿ ತುಂಬಿತು. ಆಮೇಲೆ ಸೇತುವೆಯ ಒಂದು ಭಾಗದ ಮೇಲೆ ಜನರನ್ನು ನಡೆಸಿ ಪರೀಕ್ಷಿಸಿದಾಗ, ಸಂಖ್ಯೆ ಸುಮಾರು 160 ತಲುಪುವವರೆಗೆ ಹೆಚ್ಚೇನೂ ಆಗಲಿಲ್ಲ. ಅದನ್ನು ದಾಟಿದೊಡನೆ ಓಲಾಟ ಏಕಾಏಕಿ ಬೆಳೆಯಿತು. ಜನ ತುಂಬುತ್ತಿದ್ದ ಶಕ್ತಿ, ಸೇತುವೆ ಕಳೆಯಬಲ್ಲ ಶಕ್ತಿಯನ್ನು ಮೀರಿತ್ತು.

ಸೇತುವೆಯನ್ನು ಬಿಗಿಗೊಳಿಸಲು ಹೊರಟರೆ ಅದರ ತೆಳು ರೂಪವೇ ಕೆಡುತ್ತಿತ್ತು. ಆದ್ದರಿಂದ ಅರೂಪ್ ಸಂಸ್ಥೆಯ ಎಂಜಿನಿಯರುಗಳು ಅವಮಂದನವನ್ನೇ ಹೆಚ್ಚಿಸಿದರು. ದ್ರವ ತುಂಬಿದ 37 ಡ್ಯಾಂಪರ್‌ಗಳನ್ನು ಕೂರಿಸಿದರು. ಪಿಸ್ಟನ್ ಚಲಿಸಿದಾಗ ದ್ರವ ಕಿರಿದಾದ ದಾರಿಯಲ್ಲಿ ನುಗ್ಗಬೇಕಾಗುತ್ತದೆ, ಆ ಘರ್ಷಣೆಯಲ್ಲಿ ಚಲನೆಯ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಇವುಗಳ ಜೊತೆಗೆ, ಸ್ಪ್ರಿಂಗ್‌ಗಳ ಮೇಲೆ ಕೂತು ಸೇತುವೆಗೆ ಎದುರಾಗಿ ಅಲುಗುವ ತೂಕಗಳನ್ನೂ ಅಳವಡಿಸಿದರು. ಶೇ. 1ಕ್ಕೂ ಕಡಿಮೆ ಇದ್ದ ಅವಮಂದನ ಶೇ. 15ರಿಂದ 20ರ ಮಟ್ಟಕ್ಕೆ ಏರಿತು. 2002ರ ಫೆಬ್ರುವರಿಯಲ್ಲಿ ಮತ್ತೆ ತೆರೆದ ಸೇತುವೆ ಮುಂದೆ ಹಾಗೆ ಓಲಾಡಲಿಲ್ಲ.

ನಿಮ್ಮ ಸ್ಕೂಟರಿನ ಶಾಕ್ ಅಬ್ಸಾರ್ಬರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಅದರ ಸ್ಪ್ರಿಂಗ್ ಭಾರ ಹೊರುತ್ತದೆ, ಒಳಗಿನ ಎಣ್ಣೆ ಕಂಪನವನ್ನು ಅಡಗಿಸುತ್ತದೆ. ಎಣ್ಣೆ ಸೋರಿದರೂ ಗಾಡಿ ಓಡುತ್ತದೆ, ಆದರೆ ಗುಂಡಿ ದಾಟಿದ ಮೇಲೂ ಕುಪ್ಪಳಿಸುತ್ತಲೇ ಇರುತ್ತದೆ, ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ. ಸೋರಿಕೆ ಕಂಡ ದಿನವೇ ಮೆಕ್ಯಾನಿಕ್ ಬಳಿ ಒಯ್ದು ಸರಿಪಡಿಸಿಕೊಳ್ಳಿ.