ಕಾರು ನೆಟ್ಟಗೆ, ಸ್ಟೇರಿಂಗ್ ಸೊಟ್ಟಗೆ

ಹಾಸನದ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದೆಯೆಂದು ಕಾರನ್ನು ವೀಲ್ ಅಲೈನ್‌ಮೆಂಟಿಗೆ ಬಿಟ್ಟಿದ್ದರಂತೆ. ಈಗ ಕಾರು ನೇರವಾಗಿಯೇ ಹೋಗುತ್ತಿದೆ, ಯಾವ ಕಡೆಗೂ ಎಳೆಯುವುದಿಲ್ಲ. ಆದರೆ ನೇರ ರಸ್ತೆಯಲ್ಲೂ ಸ್ಟೇರಿಂಗ್ ಮಾತ್ರ ಎಡಕ್ಕೆ ಕತ್ತು ವಾಲಿಸಿಕೊಂಡು ಕೂತಿರುತ್ತದೆ. ಅಂಗಡಿಯವರನ್ನು ಕೇಳಿದರೆ ‘ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ ಸಾರ್’ ಎಂದರು. ಮನೆಯಲ್ಲಿ ಭಾವಮೈದುನ ‘ಪೂಜೆ ದಿನ ಎಡಚಕ್ರದ ನಿಂಬೆಹಣ್ಣು ಅಪ್ಪಚ್ಚಿಯಾಗದೆ ಜಾರಿಹೋಗಿತ್ತು, ಅದಕ್ಕೇ ಹೀಗೆ’ ಎಂದರು. ಇಬ್ಬರಲ್ಲಿ ಯಾರನ್ನು ನಂಬಲಿ ಎಂಬುದು ಪ್ರಶ್ನೆ.

ಇಬ್ಬರನ್ನೂ ನಂಬಬೇಡಿ. ಆಯುಧಪೂಜೆಯ ಮಾರನೆಯ ದಿನ, ರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಜಾರಿಬಿದ್ದ ಬೈಕಿನವರನ್ನು ನಾನು ಎತ್ತಿ ನಿಲ್ಲಿಸಿದ್ದೇನೆ. ದೃಷ್ಟಿ ತೆಗೆಯುವ ಕಾಯಿಹಣ್ಣುಗಳು ವಾಹನದ ಮೇಲೆ ಪರಿಣಾಮ ಬೀರುವ ಬೇರೆ ಯಾವ ದಾರಿಯೂ ನನಗೆ ಗೊತ್ತಿಲ್ಲ. ಆದರೆ ಅಂಗಡಿಯವರ ಮಾತು ನಿಂಬೆಹಣ್ಣಿಗಿಂತ ದೊಡ್ಡ ಮೂಢನಂಬಿಕೆ, ಯಾಕೆಂದರೆ ಅದನ್ನು ಹೇಳಿದವರ ಕೈಯಲ್ಲಿ ಸ್ಪ್ಯಾನರ್ ಇತ್ತು. ಅಲೈನ್‌ಮೆಂಟಿನಲ್ಲಿ ತಿರುಗಿಸುವುದು ಥ್ರೆಡ್ ಇರುವ ಎರಡು ಕಬ್ಬಿಣದ ಸರಳುಗಳನ್ನು. ತಿರುಗಿಸಿದ ಮೇಲೆ ಲಾಕ್ ನಟ್ ಬಿಗಿದು ಅಲುಗದಂತೆ ಮಾಡುತ್ತಾರೆ. ಅದು ಓಡಿಸ್ತಾ ಓಡಿಸ್ತಾ ತಾನಾಗಿ ಸೆಟ್ ಆಯಿತೆಂದರೆ ನಟ್ ಸಡಿಲವಿದೆ ಎಂದರ್ಥ. ಹಾಗಾದರೆ ಮೊದಲು ಕಾರು ನಿಲ್ಲಿಸಿ.

ಸ್ಟೇರಿಂಗ್ ತಿರುಗಿಸಿದರೆ ಕೆಳಗೆ ಹಲ್ಲಿನ ಪಟ್ಟಿಯೊಂದು ಎಡಬಲಕ್ಕೆ ಸರಿಯುತ್ತದೆ. ಅದೇ ರ್‍ಯಾಕ್. ಅದರ ಎರಡು ತುದಿಗೂ ಒಂದೊಂದು ಟೈ ರಾಡ್, ಟೈ ರಾಡಿನ ಆಚೆ ತುದಿಗೆ ಚಕ್ರ. ಇಷ್ಟು ಗೊತ್ತಿದ್ದರೆ ಸಾಕು. ಇನ್ನೊಂದು ಪದ ಬೇಕು: ಟೋ. ಕೆಲವರು ನಡೆಯುವಾಗ ಪಾದಗಳನ್ನು ಒಳಮುಖವಾಗಿ ಇಡುತ್ತಾರಲ್ಲ, ಮುಂದಿನ ಎರಡು ಚಕ್ರಗಳೂ ಹಾಗೆ ಮೂಗನ್ನು ಒಳಗೋ ಹೊರಗೋ ಮಾಡಿರಬಹುದು. ಅದರ ಅಳತೆಯೇ ಟೋ. ಇದು ಕೂದಲೆಳೆಯ ಲೆಕ್ಕ. ಚಕ್ರವೊಂದು ಸಾಗುವ ದಿಕ್ಕಿಗಿಂತ ಡಿಗ್ರಿಯ ಹತ್ತನೇ ಒಂದು ಭಾಗ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 1.75 ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟರಲ್ಲಿ ನಿಮ್ಮ ಟೈರನ್ನು ಕಾಲು ಕಿಲೋಮೀಟರ್ ಅಡ್ಡಡ್ಡ ಎಳೆದ ಹಾಗೆ. ಟೈರಿನ ಅಂಚು ಸವೆಯದೆ ಇನ್ನೇನು ಮಾಡೀತು?

ಈಗ ನನಗೆ ಬಹಳ ಇಷ್ಟವಾದ ಭಾಗ. ಎಡಚಕ್ರ ಮಾತ್ರ 0.4 ಡಿಗ್ರಿ ಒಳಕ್ಕೆ, ಅಂದರೆ ಬಲಕ್ಕೆ ತಿರುಗಿದೆ, ಬಲಚಕ್ರ ಕರಾರುವಾಕ್ಕಾಗಿ ನೇರವಿದೆ ಎಂದುಕೊಳ್ಳಿ. ಕಾರು ಯಾವ ಚಕ್ರದ ಮಾತು ಕೇಳುತ್ತದೆ? ಎರಡರದ್ದೂ ಇಲ್ಲ. ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಮಾತ್ರ ಪಕ್ಕದ್ದರ ಮೇಲೆ ಭುಜ ಒತ್ತಿದರೆ ಗಾಡಿ ಓರೆಯಾಗುತ್ತದೆ. ಎರಡೂ ಸಮನಾಗಿ ಒಂದನ್ನೊಂದು ಒತ್ತಿದರೆ ಗಾಡಿ ನೇರ. ಚಕ್ರಗಳೂ ಹಾಗೇ ರಾಜಿಯಾಗುತ್ತವೆ. ಎರಡೂ ಒಟ್ಟಿಗೆ ಎಡಕ್ಕೆ 0.2 ಡಿಗ್ರಿ ಹೊರಳುತ್ತವೆ, ಆಗ ತಲಾ 0.2 ಡಿಗ್ರಿ ಒಳಮುಖವಾಗುತ್ತವೆ. ಎಡದ್ದು ಬಲಕ್ಕೆ ತಳ್ಳುತ್ತದೆ, ಬಲದ್ದು ಎಡಕ್ಕೆ ತಳ್ಳುತ್ತದೆ, ಲೆಕ್ಕ ಚುಕ್ತಾ. ಕಾರು ದಾರದಂತೆ ನೇರ ಹೋಗುತ್ತದೆ. ಆದರೆ ಈ ರಾಜಿಪಂಚಾಯಿತಿಯಲ್ಲಿ ರ್‍ಯಾಕ್ ಪಕ್ಕಕ್ಕೆ ಸರಿಯಬೇಕಾಯಿತು, ರ್‍ಯಾಕಿನ ಜೊತೆ ಸ್ಟೇರಿಂಗ್ ಕೂಡ ತಿರುಗಬೇಕಾಯಿತು. ಚಕ್ರ ಒಂದು ಡಿಗ್ರಿ ತಿರುಗಲು ಸ್ಟೇರಿಂಗ್ ಸುಮಾರು ಹದಿನಾರು ಡಿಗ್ರಿ ತಿರುಗುವುದರಿಂದ ಆ ಸಣ್ಣ ರಾಜಿ ನಿಮ್ಮ ಕಣ್ಣೆದುರು ಹದಿನಾರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಚಕ್ರಗಳ ಜಗಳ ತೀರಿದೆ, ದಂಡ ಕಟ್ಟಿದ್ದು ಸ್ಟೇರಿಂಗ್.

ಕಂಪ್ಯೂಟರ್ ಇಟ್ಟ ಅಂಗಡಿಯಲ್ಲೂ ಹೀಗೇಕೆ ಆಗುತ್ತದೆ? ನನ್ನ ಕಾರಿಗೂ ಆಗಿತ್ತು. ಆಮೇಲೆ ಬೇರೆ ಅಂಗಡಿಯಲ್ಲಿ ಗುಂಡಿಗಿಳಿದು ನೋಡಿದಾಗ ಗುಟ್ಟು ತಿಳಿಯಿತು. ಎಡಗಡೆಯ ಟೈ ರಾಡಿನ ಥ್ರೆಡ್ ಹೊಸದಾಗಿ ತಿರುಗಿ ಫಳಫಳ ಹೊಳೆಯುತ್ತಿತ್ತು. ಬಲಗಡೆಯ ಲಾಕ್ ನಟ್ಟಿನ ಮೇಲೆ ವರ್ಷಗಳ ತುಕ್ಕು, ಕೆಸರು ಹಾಗೇ ಇತ್ತು. ಮೊದಲಿನ ಹುಡುಗ ಬಲದ ನಟ್ ಬಿಚ್ಚಲಾರದೆ ಎಡಗಡೆಯೊಂದನ್ನೇ ತಿರುಗಿಸಿ ಒಟ್ಟು ಟೋವನ್ನು ಸರಿಮಾಡಿದ್ದ. ಆಗ ಪರದೆಯಲ್ಲಿ ಒಂದು ಚಕ್ರದ ಅಂಕಿ ಕೆಂಪು ತೋರಿಸಿರಬೇಕು. ಸ್ಟೇರಿಂಗನ್ನು ಒಂಚೂರು ತಿರುಗಿಸಿದರೆ ಆಯಿತು, ಎರಡೂ ಚಕ್ರ ಸಮಪಾಲು ಹಂಚಿಕೊಂಡು ಎಲ್ಲವೂ ಹಸಿರು! ಯಂತ್ರ ಸುಳ್ಳು ಹೇಳಿಲ್ಲ. ಅದರ ಕ್ಯಾಮರಾಗಳು ನೋಡುವುದು ಚಕ್ರಗಳನ್ನು, ಸ್ಟೇರಿಂಗ್ ಕಡೆ ತಿರುಗಿಯೂ ನೋಡುವುದಿಲ್ಲ. ಸ್ಟೇರಿಂಗನ್ನು ಮೊದಲು ನೇರವಾಗಿಟ್ಟು, ಸೀಟಿಗೂ ಅದಕ್ಕೂ ನಡುವೆ ಕೋಲು ಸಿಕ್ಕಿಸಿ ಅಲುಗದಂತೆ ಕಟ್ಟುವುದು ಮನುಷ್ಯನ ಕೆಲಸ. ಆ ಐದು ನಿಮಿಷವನ್ನು ಉಳಿಸಿದ್ದಕ್ಕೇ ನಮ್ಮ ಓದುಗರು ಪತ್ರ ಬರೆಯಬೇಕಾಯಿತು.

ನಡುವೆ ಒಂದು ತಮಾಷೆ. ಬರೀ ಬಳೆಗೆ ಸೊಟ್ಟ ಎಂಬುದೇ ಇಲ್ಲ; ಒಳಗಿನ ಕಡ್ಡಿಗಳು, ನಡುವಿನ ಲಾಂಛನ ಇರುವುದರಿಂದಲೇ ನಮಗೆ ಅದು ಗೊತ್ತಾಗುವುದು. ಮೊದಮೊದಲ ಕಾರುಗಳಿಗೆ ಸ್ಟೇರಿಂಗ್ ಬಳೆಯೂ ಇರಲಿಲ್ಲ, ದೋಣಿಗಿದ್ದ ಹಾಗೆ ಹಿಡಿಕೋಲು ಇತ್ತು. 1894ರ ಪ್ಯಾರಿಸ್–ರೂಆನ್ ಓಟದಲ್ಲಿ ಆಲ್‌ಫ್ರೆಡ್ ವಾಶರೋನ್ ಎಂಬಾತ ತನ್ನ ಪನಾರ್ ಗಾಡಿಗೆ ದುಂಡನೆಯ ಸ್ಟೇರಿಂಗ್ ಹಾಕಿಕೊಂಡು ಬಂದ. ನಮ್ಮ ಈ ತಲೆನೋವಿನ ಮೂಲಪುರುಷರಲ್ಲಿ ಅವನೂ ಒಬ್ಬ.

ಪರಿಹಾರ ಸುಲಭ. ಸ್ಟೇರಿಂಗ್ ನೇರ ಕಟ್ಟಿ, ಎರಡೂ ಟೈ ರಾಡ್‌ಗಳನ್ನು ಸಮಪ್ರಮಾಣದಲ್ಲಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಗಿಡ್ಡಕ್ಕೆ ಹೊಂದಿಸಬೇಕು. ಹೀಗೆ ಮಾಡಿದರೆ ಒಟ್ಟು ಟೋ ಬದಲಾಗುವುದಿಲ್ಲ, ಸ್ಟೇರಿಂಗ್ ಮಾತ್ರ ನೆಟ್ಟಗಾಗುತ್ತದೆ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ರ್‍ಯಾಕ್ ಮುಂದಿನ ಚಕ್ರಗಳ ಅಚ್ಚಿಗಿಂತ ಹಿಂದೆ ಇರುತ್ತದೆ. ಅಂಥದರಲ್ಲಿ ಸ್ಟೇರಿಂಗ್ ಯಾವ ಕಡೆಗೆ ವಾಲಿದೆಯೋ ಆ ಕಡೆಯದನ್ನು ಗಿಡ್ಡ ಮಾಡಬೇಕು, ಎದುರು ಕಡೆಯದನ್ನು ಉದ್ದ ಮಾಡಬೇಕು. ರ್‍ಯಾಕ್ ಅಚ್ಚಿಗಿಂತ ಮುಂದಿದ್ದರೆ ಇದರ ತಿರುಗುಮುರುಗು. ಎಷ್ಟು ತಿರುಗಿಸಬೇಕು? ಥ್ರೆಡ್ ಸಾಮಾನ್ಯವಾಗಿ ಸುತ್ತಿಗೆ ಒಂದೂವರೆ ಮಿಲಿಮೀಟರ್ ಸಾಗುತ್ತದೆ. ಎರಡೂ ಕಡೆ ಒಂದೊಂದು ಸುತ್ತು ಹಾಕಿದರೆ ಸ್ಟೇರಿಂಗ್ ಹತ್ತು ಡಿಗ್ರಿಯ ಆಸುಪಾಸು ಹೊರಳೀತು, ಅಂದರೆ ಗಡಿಯಾರದ ದೊಡ್ಡ ಮುಳ್ಳು ಎರಡು ನಿಮಿಷಕ್ಕೆ ಸರಿಯುವುದಕ್ಕಿಂತ ಕೊಂಚ ಕಡಿಮೆ. ಹಾಗಾಗಿ ಕಾಲು ಸುತ್ತು, ಅರ್ಧ ಸುತ್ತಿನಲ್ಲಿ ಮಾತಾಡುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಮನೆಯಲ್ಲೇ ಜ್ಯಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರುವ ಸಾಹಸ ಮಾತ್ರ ಬೇಡ.

ಇನ್ನೊಂದು ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ: ಸ್ಟೇರಿಂಗನ್ನೇ ಕಿತ್ತು ಒಂದು ಹಲ್ಲು ಪಕ್ಕಕ್ಕೆ ಕೂರಿಸಿಬಿಡಿ, ಮುಗಿಯಿತು. ಹಳೆಯ ಜೀಪುಗಳ ಕಾಲದಲ್ಲಿ ನಡೆಯುತ್ತಿತ್ತೇನೋ. ಈಗ ಸ್ಟೇರಿಂಗಿನ ಹೊಟ್ಟೆಯಲ್ಲಿ ಏರ್‌ಬ್ಯಾಗ್ ಇದೆ. ಅದಕ್ಕೆ ವಿದ್ಯುತ್ ಒಯ್ಯುವ ತೆಳುವಾದ ಪಟ್ಟಿಯನ್ನು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟಿರುತ್ತಾರೆ. ನಡುವಿನಿಂದ ಎರಡೂ ಕಡೆಗೆ ಕೆಲವೇ ಸುತ್ತು ಬಿಚ್ಚಿಕೊಳ್ಳಬಲ್ಲ ಅದನ್ನು ತಪ್ಪಾಗಿ ಕೂರಿಸಿದರೆ ಪೂರಾ ತಿರುಗಿಸಿದಾಗ ಹರಿದುಹೋದೀತು. ಪಕ್ಕದಲ್ಲೇ ಸ್ಟೇರಿಂಗಿನ ಕೋನ ಅಳೆಯುವ ಸೆನ್ಸರ್. ಕಾರು ಜಾರದಂತೆ ಕಾಯುವ ವ್ಯವಸ್ಥೆ ಅದರ ಮಾತನ್ನೇ ನಂಬಿರುತ್ತದೆ. ನೀವು ನೇರ ಹೋಗುತ್ತಿರುವಾಗ ಅದು ‘ಯಜಮಾನರು ತಿರುವಿನಲ್ಲಿದ್ದಾರೆ’ ಎಂದುಕೊಂಡರೆ ಮಳೆಗಾಲದ ಘಾಟಿಯಲ್ಲಿ ಯಾವ ಬ್ರೇಕನ್ನು ಯಾವಾಗ ಹಿಡಿದೀತೋ. ಅಷ್ಟಾಗಿಯೂ ರೋಗ ಹಾಗೇ ಉಳಿಯುತ್ತದೆ, ಯಾಕೆಂದರೆ ರ್‍ಯಾಕ್ ಇನ್ನೂ ನಡುವಿನಲ್ಲಿಲ್ಲ. ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುವ ಕಾರು ಯಾರಿಗೆ ಬೇಕು?

ಟೈ ರಾಡ್ ಎರಡೂ ಸರಿಯಿದ್ದು ಸ್ಟೇರಿಂಗ್ ಮಾತ್ರ ಸೊಟ್ಟಗಿದ್ದರೆ ಹಿಂದಕ್ಕೆ ನೋಡಿ. ಹೆದ್ದಾರಿಯಲ್ಲಿ ಹಳೆಯ ಲಾರಿಯೊಂದು ಹಿಂಭಾಗವನ್ನು ಪಕ್ಕಕ್ಕೆ ಹಾಕಿಕೊಂಡು, ಓಡುವ ನಾಯಿಯ ಹಾಗೆ ಓರೆಯಾಗಿ ಹೋಗುವುದನ್ನು ಕಂಡಿರುತ್ತೀರಿ. ಅದರ ಹಿಂದಿನ ಅಚ್ಚು ಕೋನ ತಪ್ಪಿದೆ. ಮುಂದಿನ ಚಕ್ರಗಳು ಅದಕ್ಕೆ ಹೊಂದಿಕೊಂಡು ತಿರುಗಿರಲೇಬೇಕು, ಸ್ಟೇರಿಂಗ್ ಕೂಡ. ದೊಡ್ಡ ಗುಂಡಿಗೆ ಬಿದ್ದೆದ್ದ ಕಾರಿಗೂ ಇದು ಅಷ್ಟಿಷ್ಟು ಬರುತ್ತದೆ. ಹಾಗಾಗಿ ಮುಂದಿನ ಎರಡಲ್ಲ, ನಾಲ್ಕೂ ಚಕ್ರ ಅಳೆಯಲು ಹೇಳಿ.

ನನ್ನ ಕಾರಿನ ಬಲದ ನಟ್ಟಿಗೆ ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ ಬೆಳಿಗ್ಗೆ ಬಿಚ್ಚಿದ್ದಾಯಿತು, ಎರಡೂ ಕಡೆ ಹೊಂದಿಸಿದ್ದಾಯಿತು. ಖುಷಿಯಿಂದ ಮನೆಗೆ ಹೊರಟೆ. ಮುಖ್ಯರಸ್ತೆಗೆ ಬಂದ ಮೇಲೆ ನೋಡುತ್ತೇನೆ, ಸ್ಟೇರಿಂಗ್ ಈಗ ಬಲಕ್ಕೆ ಎಳ್ಳಷ್ಟು ವಾಲಿದೆ! ಒಂದು ವಾರ ಆ ಮೆಕ್ಯಾನಿಕ್ಕನ್ನು ಮನಸ್ಸಿನಲ್ಲೇ ಬೈದುಕೊಂಡೆ. ಕೊನೆಗೊಂದು ಭಾನುವಾರ ಜಾತ್ರೆ ಮುಗಿದು ಖಾಲಿಯಾಗಿದ್ದ ಸಮತಟ್ಟು ಮೈದಾನದಲ್ಲಿ ಕಾರು ಓಡಿಸಿದೆ. ಸ್ಟೇರಿಂಗ್ ಗುಂಡುಸೂಜಿಯಷ್ಟೂ ಆಚೀಚೆ ಇರಲಿಲ್ಲ. ಸೊಟ್ಟಗಿದ್ದದ್ದು ರಸ್ತೆ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸಿ ಅಂಚಿಗೆ ಮೀಟರಿಗೆ ಸುಮಾರು ಎರಡು ಸೆಂಟಿಮೀಟರಿನಂತೆ ಇಳಿಜಾರು ಕೊಟ್ಟಿರುತ್ತಾರೆ. ಎಡಕ್ಕೆ ಓಡಾಡುವ ನಮ್ಮ ಕಾರುಗಳು ಸದಾ ಚರಂಡಿಯ ಕಡೆಗೇ ಜಾರುತ್ತಿರುತ್ತವೆ, ನಾವು ಗೊತ್ತಿಲ್ಲದೆಯೇ ಬಲಕ್ಕೆ ಹಿಡಿದುಕೊಂಡಿರುತ್ತೇವೆ. ಹಾಸನದ ಓದುಗರ ಸ್ಟೇರಿಂಗ್ ಎಡಕ್ಕೆ ವಾಲಿದೆ, ಆದ್ದರಿಂದ ರಸ್ತೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಅಂಗಡಿಗೆ ಮತ್ತೆ ಹೋಗಿ, ಬಲಗಡೆಯ ನಟ್ಟಿಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ.